ಕಳಲೆಯ ನಂಜರಾಜಯ್ಯ ಯಾರ ಕಡೆಯವನು?

ಪ್ರಶ್ನೆ: ನನ್ನ ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೊ ಸರ್ಕಾರದ ಮೇಲೆಯೇ ತಿರುಗಿಬಿದ್ದು ದೇಶದ ಒಡೆಯನಾದ ಪಾಠ ಬಂದಾಗ, "ಅಪ್ಪಾ, ನಮ್ಮ ಕಡೆ ಹೀಗೆ ಯಾವಾಗಾದರೂ ಆಗಿತ್ತಾ?" ಎಂದು ಕೇಳಿದಳು. "ಯಾಕಿಲ್ಲ, ಇಲ್ಲೇ ನಂಜನಗೂಡಿನ ಪಕ್ಕದ ಕಳಲೆಯ ದಳವಾಯಿ ನಂಜರಾಜಯ್ಯ ಇದ್ದನಲ್ಲ" ಎಂದುಬಿಟ್ಟೆ. ಆಮೇಲೆ ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಲಾಗಲಿಲ್ಲ. ಒಂದು ಪುಸ್ತಕದಲ್ಲಿ ಈತ ಹೈದರನನ್ನು ಮೇಲೆ ತಂದವನು ಎಂದಿದೆ, ಇನ್ನೊಂದರಲ್ಲಿ ಹೈದರನೇ ಈತನನ್ನು ಹೊರಹಾಕಿದ ಎಂದಿದೆ, ಮತ್ತೊಂದರಲ್ಲಿ ಹೈದರನ ಕಷ್ಟಕಾಲಕ್ಕೆ ಈತ ಕೈಹಿಡಿದ ಎಂದಿದೆ. ಯಾವುದು ಸರಿ? ಈತ ದಳವಾಯಿಯೋ, ಸರ್ವಾಧಿಕಾರಿಯೋ, ರಾಜನೋ? — ಓದುಗರು, ತಿ. ನರಸೀಪುರ

ಉತ್ತರ: ಮಗಳು ಕೇಳಿದ್ದಕ್ಕೆ ದೂರದ ಉದಾಹರಣೆ ಹುಡುಕದೆ ಪಕ್ಕದ ತಾಲ್ಲೂಕಿನವನನ್ನೇ ನೆನಪಿಸಿಕೊಂಡಿರಿ. ನೀವು ಹೇಳಿದ ಹೆಸರು ಸರಿಯಾಗಿಯೇ ಇದೆ. ನೀವು ನೋಡಿದ ಮೂರು ಪುಸ್ತಕಗಳೂ ಸರಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಒಂದೊಂದು ಪುಸ್ತಕ ಒಂದೊಂದು ಇಸವಿಯ ಮಾತು ಹೇಳಿದೆ, ಅಷ್ಟೆ. ಇಸವಿಗಳನ್ನು ಸಾಲಾಗಿ ಇಟ್ಟರೆ ಗೊಂದಲ ಬಹಳಮಟ್ಟಿಗೆ ಬಗೆಹರಿಯುತ್ತದೆ.

ಅದಕ್ಕೆ ಮೊದಲು ಹೆಸರಿನ ತೊಡಕು ಬಿಡಿಸಿಬಿಡೋಣ. ಈ ಕಾಲದ ಮೈಸೂರು ಇತಿಹಾಸ ಓದುವವರೆಲ್ಲ ಇಲ್ಲಿ ಒಮ್ಮೆ ಎಡವಿಯೇ ಮುಂದೆ ಹೋಗುವುದು. ಹತ್ತಿರ ಹತ್ತಿರದ ವರ್ಷಗಳಲ್ಲಿ ಮೂವರು ನಂಜರಾಜರು ಬರುತ್ತಾರೆ. ಒಬ್ಬ ಹಿರಿಯ ನಂಜರಾಜಯ್ಯ, ಕಳಲೆ ಮನೆತನದವನು, ಸರ್ವಾಧಿಕಾರಿಯಾಗಿದ್ದವನು. ಈತ 1740ರ ಸುಮಾರಿಗೆ ತೀರಿಕೊಂಡ. ಆತನ ಜಾಗಕ್ಕೆ ಬಂದವನು ಅದೇ ಮನೆತನದ ಇನ್ನೊಬ್ಬ ನಂಜರಾಜಯ್ಯ. ಇವನಿಗೆ 'ಕರಾಚೂರಿ' ಎಂಬ ಬಿರುದು ಇತ್ತು. ನೀವು ಕೇಳುತ್ತಿರುವುದು ಈ ಕರಾಚೂರಿ ನಂಜರಾಜಯ್ಯನನ್ನು. ಮೂರನೆಯವನು ನಂಜರಾಜ ಒಡೆಯರ್, 1766ರಲ್ಲಿ ಪಟ್ಟಕ್ಕೆ ಬಂದ ಹುಡುಗ ರಾಜ, 1770ರಲ್ಲೇ ಸತ್ತುಹೋದವನು. ರಾಜ ಎಂದು ನೀವು ಓದಿದ್ದು ಇವನ ವಿಷಯ ಇರಬೇಕು. ಕಳಲೆಯ ನಂಜರಾಜಯ್ಯ ಯಾವತ್ತೂ ಸಿಂಹಾಸನದ ಮೇಲೆ ಕೂತವನಲ್ಲ.

ಇನ್ನು ಹುದ್ದೆಯ ಮಾತು. ದಳವಾಯಿ ಎಂದರೆ ದಳಕ್ಕೆ, ಅಂದರೆ ಸೈನ್ಯಕ್ಕೆ ಮುಖ್ಯಸ್ಥ. ಸರ್ವಾಧಿಕಾರಿ ಎಂದರೆ ಕಂದಾಯ, ಖಜಾನೆ, ಆಡಳಿತವನ್ನೆಲ್ಲ ನೋಡುವವನು. ಹದಿನೇಳನೆಯ ಶತಮಾನದ ಮೊದಲ ಭಾಗದಿಂದ ಮೈಸೂರಿನ ದಳವಾಯಿತನಕ್ಕೆ ಕಳಲೆ ಮನೆತನದವರನ್ನು ತೆಗೆದುಕೊಳ್ಳುವ ಒಡಂಬಡಿಕೆ ಒಡೆಯರಿಗೂ ಕಳಲೆಯವರಿಗೂ ಇತ್ತು. 1724ರಿಂದ ದಳವಾಯಿಯಾಗಿದ್ದವನು ದೇವರಾಜಯ್ಯ. ನಂಜನಗೂಡಿಗೆ ಹೋಗುವಾಗ ಕಪಿಲೆಯ ಮೇಲೆ ಹಳೇ ಕಲ್ಲಿನ ಸೇತುವೆ ನೋಡಿರುತ್ತೀರಿ. ಗಿಡ್ಡ ಕಮಾನುಗಳು ಒಂದರ ಪಕ್ಕ ಒಂದು ಒತ್ತಾಗಿ ನಿಂತಿವೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಕಮಾನಿನ ಬಾಯಿ ಮುಚ್ಚುವಷ್ಟು ನೀರು ಬರುತ್ತದೆ. ಅದನ್ನು 1735ರಲ್ಲಿ ಕಟ್ಟಿಸಿದವನು ಈ ದೇವರಾಜಯ್ಯನೇ. ದಳವಾಯಿ ಕಟ್ಟಿಸಿದ ಆ ಸೇತುವೆಯ ಮೇಲೆ ಇಪ್ಪತ್ತನೆಯ ಶತಮಾನದಲ್ಲೂ ಒಂದು ಬದಿ ಬಸ್ಸು, ಇನ್ನೊಂದು ಬದಿ ಮೀಟರ್ ಗೇಜ್ ರೈಲು ಓಡಾಡುತ್ತಿದ್ದವು. ಕರಾಚೂರಿ ನಂಜರಾಜಯ್ಯ ಇವನ ತಮ್ಮ. ಅಣ್ಣ ದಳವಾಯಿ, ತಮ್ಮ ಸರ್ವಾಧಿಕಾರಿ. ಅಣ್ಣನಿಗೆ ವಯಸ್ಸಾಗುತ್ತ ಬಂದ ಮೇಲೆ ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೋಗುವ ಕೆಲಸವೂ ತಮ್ಮನ ಕೈಗೇ ಬಂತು. ಹೀಗಾಗಿ ಅವನನ್ನು ದಳವಾಯಿ ಎಂದು ಕರೆಯುವುದು ರೂಢಿಯಾಯಿತು. ಊರಿನವರು ಹಾಗೆ ಹೇಳಿದರೆ ತಪ್ಪಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ಸರ್ವಾಧಿಕಾರಿ ಎಂದು ಬರೆಯಲು ಮಗಳಿಗೆ ಹೇಳಿ.

ಆಗ ರಾಜರ ಸ್ಥಿತಿ ಹೇಗಿತ್ತು ಎಂಬುದೂ ತಿಳಿದಿರಬೇಕು. 1734ರಲ್ಲಿ ದಳವಾಯಿಗಳ ಮಾತಿಗೆ ಎದುರಾಡಿದ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಅಟ್ಟಿದ್ದರು. ಆ ರಾಜ ಅಲ್ಲೇ ಪ್ರಾಣಬಿಟ್ಟ. ಆಮೇಲೆ ಪಟ್ಟಕ್ಕೆ ತಂದದ್ದು ಇಮ್ಮಡಿ ಕೃಷ್ಣರಾಜ ಒಡೆಯರನ್ನು, ಇನ್ನೂ ಸಣ್ಣ ವಯಸ್ಸಿನಲ್ಲಿ. ಮುಂದೆ ನಂಜರಾಜಯ್ಯ ತನ್ನ ಮಗಳನ್ನೇ ಅವರಿಗೆ ಕೊಟ್ಟು ಮದುವೆ ಮಾಡಿದ. ಅಂದರೆ ದೊರೆ ಇವನಿಗೆ ಅಳಿಯ. ದಸರೆ, ದರ್ಬಾರು ಎಲ್ಲ ಅಳಿಯನದು, ಬೀಗದ ಕೈ ಮಾವನದು.

ಈಗ ಇಸವಿಗಳಿಗೆ ಬರೋಣ. 1749ರಲ್ಲಿ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಸೈನ್ಯದ ಮುಂದಾಳು ನಂಜರಾಜಯ್ಯ. ಆ ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಅಣ್ಣನ ಜೊತೆ ಅಲ್ಲಿಗೆ ಬಂದಿದ್ದ ಹೈದರ್ ಅಲಿ ಎಂಬ ತರುಣನ ಧೈರ್ಯ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಅವನ ಕೈಗೆ ಸ್ವಲ್ಪ ಕುದುರೆ, ಸ್ವಲ್ಪ ಕಾಲಾಳು ಕೊಟ್ಟ. ನಿಮ್ಮ ಮೊದಲ ಪುಸ್ತಕ ಹೇಳುವುದು ಇದನ್ನು.

ನಂಜರಾಜಯ್ಯನ ಹಣೆಬರಹ ತಿರುಗಿದ್ದು ತಿರುಚಿರಾಪಳ್ಳಿಯಲ್ಲಿ. ಆರ್ಕಾಟಿನ ನವಾಬಗಿರಿಗೆ ಚಂದಾ ಸಾಹೇಬನೂ ಮಹಮದ್ ಅಲಿಯೂ ಹೊಡೆದಾಡುತ್ತಿದ್ದರು. ಒಬ್ಬನ ಹಿಂದೆ ಫ್ರೆಂಚರು, ಇನ್ನೊಬ್ಬನ ಹಿಂದೆ ಇಂಗ್ಲಿಷರು. ತಿರುಚಿರಾಪಳ್ಳಿ ಕೋಟೆಯೊಳಗೆ ಸಿಕ್ಕಿಕೊಂಡಿದ್ದ ಮಹಮದ್ ಅಲಿ, ತನ್ನನ್ನು ಉಳಿಸಿದರೆ ಆ ಕೋಟೆಯನ್ನೇ ಮೈಸೂರಿಗೆ ಬಿಟ್ಟುಕೊಡುತ್ತೇನೆಂದು ಗುಟ್ಟಾಗಿ ಮಾತು ಕೊಟ್ಟ. ಅಣ್ಣ ಬೇಡವೆಂದ. ತಮ್ಮ ಕೇಳಲಿಲ್ಲ. 1752ರ ಆರಂಭಕ್ಕೆ ಮೈಸೂರಿನ ದಂಡು ಅಲ್ಲಿಗೆ ಮುಟ್ಟಿತು. ಜೊತೆಗೆ ಗುತ್ತಿಯ ಮುರಾರಿರಾಯನ ಮರಾಠಾ ಸವಾರರು ಬೇರೆ, ಅವರ ಖರ್ಚೂ ಮೈಸೂರಿನದೇ. ಅದೇ ವರ್ಷ ಜೂನಿನಲ್ಲಿ ಚಂದಾ ಸಾಹೇಬ ಸೆರೆಸಿಕ್ಕು ಕೊಲೆಯಾದ. ಕೆಲಸ ಮುಗಿಯಿತು, ಕೋಟೆ ಕೊಡು ಎಂದರೆ ಮಹಮದ್ ಅಲಿ ಕೊಡಲಿಲ್ಲ. ನಂಜರಾಜಯ್ಯ ಶ್ರೀರಂಗದ ದ್ವೀಪದಲ್ಲಿ ಬೀಡುಬಿಟ್ಟು ಕಾದ, ಬೈದ, ಕೊನೆಗೆ ಫ್ರೆಂಚರ ಕಡೆ ಸೇರಿ ಅದೇ ಕೋಟೆಗೆ ಮುತ್ತಿಗೆ ಹಾಕಿದ. ಮೂರು ವರ್ಷ ಹೋಯಿತು, ಕೋಟೆ ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದೆ ಆದದ್ದಕ್ಕೆಲ್ಲ ಬೀಜ ಇಲ್ಲೇ ಬಿದ್ದದ್ದು. ನಂಜರಾಜಯ್ಯ ಹೇಡಿಯಾಗಿದ್ದ ಎಂದು ಬರೆದವರಿದ್ದಾರೆ, ಹೈದರನ ಮೋಸಕ್ಕೆ ಬಲಿಯಾದ ಎಂದು ಬರೆದವರೂ ಇದ್ದಾರೆ. ಅವನು ಮುಳುಗಿದ್ದು ಸಂಬಳದ ಬಾಕಿಯಲ್ಲಿ ಎಂಬುದು ನನ್ನ ತಿಳಿವಳಿಕೆ. ಆಗಿನ ಸಿಪಾಯಿ ಒಂದು ನಾಡಿಗಾಗಿಯೋ ಬಾವುಟಕ್ಕಾಗಿಯೋ ಬಂದವನಲ್ಲ. ಸವಾರನ ಕುದುರೆ ಅವನ ಸ್ವಂತದ್ದು. ಅದು ಸತ್ತರೆ ಅವನ ಬದುಕೇ ಹೋಯಿತು. ಕೊಡುವವನು ಕೊಡದೆ ಹೋದರೆ ಬೇರೆಯವನ ಹತ್ತಿರ ಕೆಲಸ ಕೇಳುವುದು ಅವನಿಗೆ ದ್ರೋಹ ಅನ್ನಿಸುತ್ತಿರಲಿಲ್ಲ. ಇಷ್ಟು ದೊಡ್ಡ ದಂಡನ್ನು ಮೂರು ವರ್ಷ ಪರಸ್ಥಳದಲ್ಲಿ ಸಾಕಿ ಬರಿಗೈಯಲ್ಲಿ ಹಿಂದಿರುಗಿದರೆ ಖಜಾನೆಯಲ್ಲಿ ಏನು ಉಳಿಯುತ್ತದೆ?

ಅದರ ಮೇಲೆ ಇನ್ನೆರಡು ಪೆಟ್ಟು. 1755ರಲ್ಲಿ ನಿಜಾಮ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯ ಜೊತೆ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಪೊಗದಿ ಕೇಳಿದ. ಸೈನ್ಯವೆಲ್ಲ ತಮ್ಮನ ಜೊತೆ ತಿರುಚಿರಾಪಳ್ಳಿಯಲ್ಲಿ, ಊರು ಕಾಯಲು ಅಣ್ಣ ಒಬ್ಬನೇ. 50 ಲಕ್ಷಕ್ಕೂ ಹೆಚ್ಚಿನ ಮೊತ್ತಕ್ಕೆ ಒಪ್ಪಿಕೊಳ್ಳಬೇಕಾಯಿತು. ದೇವಸ್ಥಾನಗಳ ಬೆಳ್ಳಿಬಂಗಾರ, ಅರಮನೆಯ ಒಡವೆ ತೆಗೆದುಕೊಟ್ಟರೂ ಸಾಲದೆ ಉಳಿದದ್ದಕ್ಕೆ ಸಾಹುಕಾರರನ್ನು ಹೊಣೆ ನಿಲ್ಲಿಸಿದರು. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾವ್ ಬಂದ. ಅವನಿಗೆ 32 ಲಕ್ಷ. ಕೈಯಲ್ಲಿದ್ದದ್ದು ಅದರಲ್ಲೊಂದು ಸಣ್ಣ ಪಾಲು, ಉಳಿದದ್ದಕ್ಕೆ ತಾಲ್ಲೂಕುಗಳನ್ನೇ ಅಡವಿಟ್ಟರು. ಹೊಲ ಅಡವಿಟ್ಟವನಿಗೆ ಬೆಳೆಯೂ ಕೈತಪ್ಪುವ ಹಾಗೆ, ತಾಲ್ಲೂಕು ಹೋದ ಮೇಲೆ ಅದರ ಕಂದಾಯವೂ ಹೋಯಿತು.

ಹೈದರ ಮಾತ್ರ ಈ ವರ್ಷಗಳಲ್ಲಿ ಬೆಳೆದ. 1755ರಲ್ಲಿ ಅವನನ್ನು ದಿಂಡಿಗಲ್ಲಿನ ಫೌಜುದಾರನಾಗಿ ಕಳುಹಿಸಿದವನು ನಂಜರಾಜಯ್ಯನೇ. ಅಲ್ಲಿ ಹೈದರ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಮದ್ದುಗುಂಡಿನ ಕೆಲಸ ನಡೆಸಿದ, ಖಂಡೇರಾಯನೆಂಬ ಲೆಕ್ಕದಲ್ಲಿ ಬಲು ಚುರುಕಾದವನನ್ನು ಇಟ್ಟುಕೊಂಡು ತನ್ನ ಜನಕ್ಕೆ ಸರಿಯಾಗಿ ಬಟವಾಡೆ ಮಾಡಿದ.

ಮನೆಯೊಳಗಿನ ಬಿರುಕು ಬಂದದ್ದೂ ಆಗಲೇ. 1756ರಲ್ಲಿ ಕೃಷ್ಣರಾಜ ಒಡೆಯರು ದಳವಾಯಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಒಳಗೊಳಗೇ ಜನ ಸೇರಿಸಿದರು. ಸುದ್ದಿ ತಿಳಿದ ನಂಜರಾಜಯ್ಯ ಅಣ್ಣನ ಮಾತು ಮೀರಿ ಅರಮನೆಯ ಮೇಲೆಯೇ ತೋಪು ಹಾರಿಸಿದ. ಬಾಗಿಲು ಒಡೆದು ಒಳಗೆ ಹೋಗಿ ದೊರೆಯ ಎದುರಿಗೇ ಅವರ ಕಡೆಯವರ ಕಿವಿಮೂಗು ಕೊಯ್ಸಿದ. ಅಳಿಯನ ಮನೆಗೆ, ಮಗಳಿರುವ ಮನೆಗೆ ಗುಂಡು ಹೊಡೆದವನು ಎಂಬುದು ಅವನ ಹೆಸರಿಗೆ ಅಂಟಿದ ದೊಡ್ಡ ಕಳಂಕ. ಇದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ದೇವರಾಜಯ್ಯನಿಗೂ ಸಹಿಸಲಾಗಲಿಲ್ಲ. ತನ್ನವರನ್ನು ಕರೆದುಕೊಂಡು ಸತ್ಯಮಂಗಲಕ್ಕೆ ಹೊರಟುಹೋದ. 1758ರಲ್ಲಿ ಹೈದರ ನಡುವೆ ನಿಂತು ಅಣ್ಣತಮ್ಮಂದಿರನ್ನು ಒಂದು ಮಾಡಿದ. ಆದರೆ ಒಂದಾದ ಸ್ವಲ್ಪ ದಿನಕ್ಕೇ ದೇವರಾಜಯ್ಯ ತೀರಿಕೊಂಡ.

ಸೈನ್ಯದ ಬಾಕಿ ತೀರಿಸುವ ಕೆಲಸಕ್ಕೂ ಹೈದರನೇ ಮುಂದೆ ಬಂದ. ಖಂಡೇರಾಯ ಪಟ್ಟಿ ಹಿಡಿದು ಸುಳ್ಳು ಲೆಕ್ಕಗಳನ್ನು ತೆಗೆದ, ಸರ್ಕಾರದ ಆನೆ ಕುದುರೆಗಳನ್ನೂ ಹಂಚಿ ಒಂದಿಷ್ಟು ಬಾಕಿ ತೀರಿಸಿದ. ಇದರಿಂದ ಸಿಪಾಯಿಗಳಿಗೆ ಒಂದು ಮಾತು ಮನಸ್ಸಿನಲ್ಲಿ ಕೂತಿತು: ಕೊಡುವ ಕೈ ಹೈದರನದು. ಮುಂದಿನ ವರ್ಷ, 1759ರಲ್ಲಿ, ಮತ್ತೆ ಬಾಕಿ ಏರಿದಾಗ ಪಡೆಯ ಮುಖ್ಯಸ್ಥರು ಧರಣಿ ಕೂತರು. ಈಗ ನಾವು ಕಚೇರಿ ಮುಂದೆ ಕೂಗುವ ಧರಣಿಯಂಥದ್ದಲ್ಲ ಅದು. ಕೊಡಬೇಕಾದವನ ಬಾಗಿಲಿಗೆ ಅಡ್ಡ ಕೂತರೆ ಒಳಗೆ ಒಂದು ಕೊಡ ನೀರು ಹೋಗುವಂತಿಲ್ಲ, ಕೂತವರೂ ಉಣ್ಣುವಂತಿಲ್ಲ, ಒಳಗಿನವನೂ ಉಣ್ಣುವಂತಿಲ್ಲ. ಅವರು ಮೊದಲು ಕೂತದ್ದು ಹೈದರನ ಬಾಗಿಲಲ್ಲಿ. ಕೊಡಬೇಕಾದವನು ನಾನಲ್ಲ, ಸರ್ವಾಧಿಕಾರಿ ಎಂದು ಹೈದರ ಅವರನ್ನು ಕರೆದುಕೊಂಡು ಹೋಗಿ ನಂಜರಾಜಯ್ಯನ ಬಾಗಿಲಲ್ಲಿ ತಾನೂ ಕೂತ. ದೊರೆ, ರಾಜಮಾತೆ, ಖಂಡೇರಾಯ ಎಲ್ಲ ಇದಕ್ಕೆ ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದರು. ನಂಜರಾಜಯ್ಯನಿಗೆ ಅರ್ಥವಾಯಿತು. ಅಧಿಕಾರ ಬಿಡುವುದಾಗಿ ಹೇಳಿ, ಜಹಗೀರು ಒಪ್ಪಿಕೊಂಡು ಪಟ್ಟಣದಿಂದ ಹೊರಬಿದ್ದ. ಸ್ವಲ್ಪ ಕಾಲ ಮೈಸೂರಿನಲ್ಲಿದ್ದ, ಅಲ್ಲೂ ಮುತ್ತಿಗೆ ಬಿದ್ದ ಮೇಲೆ ಕೊಣನೂರಿಗೆ ಹೋಗಿ ನೆಲೆಸಿದ. ಇದು ನಿಮ್ಮ ಎರಡನೆಯ ಪುಸ್ತಕದ ಮಾತು.

ಮೂರನೆಯದು ನಿಮ್ಮ ಸೀಮೆಯಲ್ಲೇ ನಡೆದದ್ದು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಜಮಾನ ಬದಲಾದನೇ ಹೊರತು ತಮಗೆ ಬಿಡುಗಡೆ ಆಗಲಿಲ್ಲವೆಂದು ಅರಮನೆಯವರಿಗೆ ಬೇಗನೆ ಗೊತ್ತಾಯಿತು. 1760ರಲ್ಲಿ ಹೈದರನ ಸೈನ್ಯದ ಹೆಚ್ಚು ಭಾಗ ಪಾಂಡಿಚೇರಿಯ ಕಡೆ ಫ್ರೆಂಚರ ಸಹಾಯಕ್ಕೆ ಹೋಗಿತ್ತು. ಆ ಸಮಯ ನೋಡಿ ಖಂಡೇರಾಯ, ಹೈದರನ ಉಪ್ಪು ಉಂಡಿದ್ದ ಅದೇ ಖಂಡೇರಾಯ, ದೊರೆಯ ಕಡೆ ಸೇರಿದ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಯ ತೋಪುಗಳು ಹೊಳೆಯಾಚೆ ಬೀಡುಬಿಟ್ಟಿದ್ದ ಹೈದರನ ಮೇಲೆ ಗುಂಡು ಹಾರಿಸಿದವು. ಹೈದರ ರಾತ್ರಿಯಾದ ಮೇಲೆ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಬೆಂಗಳೂರಿಗೆ ಓಡಿದ. ಬಿಟ್ಟುಹೋದವರಲ್ಲಿ ಒಂಬತ್ತು ವರ್ಷದ ಟಿಪ್ಪು ಕೂಡ ಇದ್ದ.

ಇದು ಮೈಸೂರು ಮೈಸೂರಿನ ಜೊತೆಗೇ ಕಾದ ಯುದ್ಧ. ಎರಡೂ ಕಡೆ ಒಂದೇ ಸರ್ಕಾರದ ಸಿಪಾಯಿಗಳು. ಅಂತರ್ಯುದ್ಧ ಎಂಬ ಮಾತು ಇದಕ್ಕೆ ಪೂರ್ತಿ ಒಪ್ಪುತ್ತದೆ, ಮಗಳಿಗೆ ಧೈರ್ಯವಾಗಿ ಹೇಳಿ. ಬೆಂಗಳೂರಿನಲ್ಲಿ ಚೇತರಿಸಿಕೊಂಡ ಹೈದರ ಕಾವೇರಿ ದಾಟಿ ದಕ್ಷಿಣಕ್ಕೆ ಬಂದ. 1761ರ ಆರಂಭದಲ್ಲಿ ನಂಜನಗೂಡಿನ ಹತ್ತಿರ ಖಂಡೇರಾಯನಿಗೂ ಅವನಿಗೂ ಯುದ್ಧವಾಯಿತು. ಗೆದ್ದವನು ಖಂಡೇರಾಯ. ನಿಮ್ಮೂರಿನ ಸಂಗಮಕ್ಕೆ ಬಂದು ಸೇರುವ ಕಪಿಲೆಯ ಸೀಮೆಯಲ್ಲೇ ಹೈದರ ಸೋತ ಎಂಬುದನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಉಳಿದ ಜನವನ್ನು ಸೇರಿಸಿಕೊಂಡು ಅವನು ಹರದನಹಳ್ಳಿಗೆ ಹಿಂದೆ ಸರಿದ. ಇನ್ನೊಂದು ಸೋಲು ಬಿದ್ದಿದ್ದರೆ ಅವನ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಆಗ ಅವನು ಮಾಡಿದ್ದೇನು ಗೊತ್ತೇ? ಕೆಲವೇ ಸವಾರರ ಜೊತೆ ಕೊಣನೂರಿಗೆ ಹೋಗಿ, ಆಯುಧ ಕೆಳಗಿಟ್ಟು, ತಾನೇ ಹೊರಹಾಕಿದ್ದ ಮುದುಕ ನಂಜರಾಜಯ್ಯನ ಕಾಲಿಗೆ ಬಿದ್ದ. ತಪ್ಪಾಯಿತು, ನೀವು ಮತ್ತೆ ಸರ್ವಾಧಿಕಾರಿಯಾಗಿ, ನಾನು ನಿಮ್ಮ ಕೈಕೆಳಗೆ ಇರುತ್ತೇನೆ ಎಂದು ಬೇಡಿಕೊಂಡ. ನಂಜರಾಜಯ್ಯ ನಂಬಿದ. ಅಧಿಕಾರ ಹೋದವನಿಗೆ ಅಧಿಕಾರದ ಮಾತು ಕಿವಿಗೆ ಬಿದ್ದರೆ ಹೀಗಾಗುವುದು ಸಹಜ. ತನ್ನಲ್ಲಿದ್ದ ಅಲ್ಪಸ್ವಲ್ಪ ಸೈನ್ಯ ಕೊಟ್ಟ. ಅದಕ್ಕಿಂತ ಬೆಲೆಬಾಳುವ ಎರಡು ವಸ್ತು ಕೊಟ್ಟ: ತನ್ನ ಹೆಸರು, ತನ್ನ ಮುದ್ರೆ.

ಮುದ್ರೆ ಕೆಲಸ ಮಾಡಿದ್ದು ಈಗಿನ ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ. ಖಂಡೇರಾಯ ಅಲ್ಲಿ ದಾರಿ ಕಟ್ಟಿ ನಿಂತಿದ್ದ. ಅವನ ಪಡೆಯ ಮುಖ್ಯಸ್ಥರಲ್ಲಿ ಹಲವರು ನಂಜರಾಜಯ್ಯನ ಕೈಕೆಳಗೆ ದುಡಿದವರು. ಅವರ ಹೆಸರಿಗೆ ಹೈದರ ಕಾಗದಗಳನ್ನು ಬರೆಸಿದ. ನಮ್ಮ ಒಪ್ಪಂದದಂತೆ ಖಂಡೇರಾಯನನ್ನು ಹಿಡಿದುಕೊಡಿ, ಬಹುಮಾನ ಸಿದ್ಧವಿದೆ ಎಂಬ ಅರ್ಥದ ಕಾಗದಗಳು, ಕೆಳಗೆ ನಂಜರಾಜಯ್ಯನ ಮುದ್ರೆ. ಒಪ್ಪಂದ ಎಂಬುದೇ ಇರಲಿಲ್ಲ. ಕಾಗದಗಳು ಖಂಡೇರಾಯನ ಕೈಗೆ ಸಿಗುವ ಹಾಗೆಯೇ ಕಳಿಸಿದ್ದು. ಮುದ್ರೆ ನೋಡಿದ ಕೂಡಲೇ ಅವನು ಹೌಹಾರಿ, ಯಾರನ್ನೂ ಕೇಳದೆ ವಿಚಾರಿಸದೆ ಕುದುರೆ ಹತ್ತಿ ಶ್ರೀರಂಗಪಟ್ಟಣಕ್ಕೆ ಓಡಿದ. ಒಡೆಯನಿಲ್ಲದ ಸೈನ್ಯದ ಮೇಲೆ ಹೈದರ ಎರಗಿ ಚೆದುರಿಸಿದ. ಕೆಲವೇ ತಿಂಗಳಲ್ಲಿ ಶ್ರೀರಂಗಪಟ್ಟಣ ಅವನದಾಯಿತು. ಖಂಡೇರಾಯನಿಗೆ ಜೀವದಾನ ಕೊಡಬೇಕೆಂದು ಅರಮನೆಯ ಹೆಂಗಸರು ಬೇಡಿದಾಗ, ಗಿಳಿಯ ಹಾಗೆ ಸಾಕುತ್ತೇನೆ ಎಂದು ಹೈದರ ಮಾತು ಕೊಟ್ಟು, ಹಾಗೆಯೇ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ ಎಂಬ ಕತೆ ನಿಮಗೂ ಗೊತ್ತಿರಬಹುದು.

ನಂಜರಾಜಯ್ಯನಿಗೆ ಏನು ಸಿಕ್ಕಿತು? ಸರ್ವಾಧಿಕಾರ ಸಿಗಲಿಲ್ಲ. ದೊರೆಯ ಖರ್ಚಿಗೆ ಇಷ್ಟು, ನಂಜರಾಜಯ್ಯನ ಖರ್ಚಿಗೆ ಇಷ್ಟು ಎಂದು ಕೆಲವು ಸೀಮೆಯ ಹುಟ್ಟುವಳಿ ಬಿಟ್ಟು ಉಳಿದ ರಾಜ್ಯವನ್ನೆಲ್ಲ ಹೈದರ ತನ್ನ ಕೈಗೆ ತೆಗೆದುಕೊಂಡ. ಕೆಲವು ವರ್ಷದ ಮೇಲೆ ಮರಾಠರ ಜೊತೆ ಓಲೆ ನಡೆಸುತ್ತಿದ್ದಾನೆಂಬ ಅನುಮಾನದಿಂದ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಕಾವಲಿನಲ್ಲಿಟ್ಟರು. 1773ರಲ್ಲಿ ಸೆರೆಯಲ್ಲೇ ತೀರಿಕೊಂಡ.

ಇನ್ನು ಫ್ರಾಂಕೊನ ಹೋಲಿಕೆ. ಮಗಳು ಕೇಳಿದ್ದೇ ಅದನ್ನಲ್ಲವೇ? 1936ರ ಜುಲೈಯಲ್ಲಿ ಸ್ಪೇನಿನ ಸೇನಾಪತಿಗಳು ಚುನಾಯಿತ ಸರ್ಕಾರದ ಮೇಲೆ ದಂಗೆ ಎದ್ದಾಗ ಫ್ರಾಂಕೊ ಅವರಲ್ಲಿ ಒಬ್ಬ ಮಾತ್ರ. ಮುಂದಾಳಾಗಬೇಕಿದ್ದ ಸಾನ್‌ಹುರ್ಹೊ ದಂಗೆಯ ಮೊದಲ ದಿನಗಳಲ್ಲೇ ವಿಮಾನ ಅಪಘಾತದಲ್ಲಿ ಸತ್ತ. ಫ್ರಾಂಕೊನ ಪಳಗಿದ ಪಡೆ ಆಫ್ರಿಕಾದ ಮೊರೊಕ್ಕೊದಲ್ಲಿತ್ತು. ಅದನ್ನು ಸಮುದ್ರ ದಾಟಿಸಲು ಜರ್ಮನಿ, ಇಟಲಿಗಳು ವಿಮಾನ ಕೊಟ್ಟವು. ಅಕ್ಟೋಬರಿನ ಹೊತ್ತಿಗೆ ಅವನು ಆ ಪಕ್ಷದ ಒಡೆಯ, 1939ರ ಏಪ್ರಿಲಿಗೆ ಇಡೀ ದೇಶದ ಒಡೆಯ, 1975ರಲ್ಲಿ ಸಾಯುವ ತನಕ ಹಾಗೆಯೇ. ಇವನ ಪಕ್ಕದಲ್ಲಿ ನಮ್ಮ ಕತೆ ಇಟ್ಟು ನೋಡಿದರೆ ಫ್ರಾಂಕೊನ ಜಾಗದಲ್ಲಿ ನಿಲ್ಲುವವನು ಹೈದರ. ನಂಜರಾಜಯ್ಯ ಅವನಿಗಿಂತ ಮೊದಲು ಆ ಜಾಗದಲ್ಲಿದ್ದು, ದಂಡನ್ನು ಸಾಕಲಾರದೆ ಕಳೆದುಕೊಂಡವನು. ಫ್ರಾಂಕೊನಿಗೆ ಹೊರಗಿನಿಂದ ಕೊಡುವವರಿದ್ದರು. ನಂಜರಾಜಯ್ಯನಿಗೆ ಹೊರಗಿನಿಂದ ಬಂದವರೆಲ್ಲ ಕೇಳುವವರೇ.

ಹಾಗಾದರೆ ಅವನು ಯಾರ ಕಡೆ? 1756ರಲ್ಲಿ ದೊರೆಯ ವಿರುದ್ಧ, 1759ರಲ್ಲಿ ಹೈದರನ ವಿರುದ್ಧ, 1761ರಲ್ಲಿ ಹೈದರನ ಜೊತೆ. ಈ ಮೂರು ಇಸವಿ ಬರೆದುಕೊಂಡರೆ ಮಗಳಿಗೆ ಸಾಕು.

ಒಂದು ವಿಷಯ ಮಾತ್ರ ನೀವು ಕೇಳದಿದ್ದರೂ ಹೇಳಬೇಕು ಅನ್ನಿಸುತ್ತಿದೆ. ಈ ಮನುಷ್ಯ ಶಿವಭಕ್ತ, ಬರಹಗಾರ ಕೂಡ. ಕಕುದ್ಗಿರಿ ಮಾಹಾತ್ಮ್ಯದಂಥ ಕನ್ನಡ ಗದ್ಯಗಳು, ಸಂಸ್ಕೃತದಲ್ಲಿ ಸಂಗೀತಗಂಗಾಧರ ಅವನ ಹೆಸರಿನಲ್ಲಿವೆ. ನೃಸಿಂಹಕವಿ ಅವನನ್ನೇ ನಾಯಕನನ್ನಾಗಿ ಮಾಡಿ ನಂಜರಾಜಯಶೋಭೂಷಣ ಎಂಬ ಅಲಂಕಾರಗ್ರಂಥ ಬರೆದ. ಅಲಂಕಾರಶಾಸ್ತ್ರ ಓದುವವರು ಈಗಲೂ ಅದನ್ನು ತೆರೆಯುತ್ತಾರೆ. ಉಪಮೆ, ಉತ್ಪ್ರೇಕ್ಷೆಗಳಿಗೆ ಅಲ್ಲಿ ಕೊಟ್ಟಿರುವ ಉದಾಹರಣೆಗಳ ತುಂಬ ಕಳಲೆಯ ನಂಜರಾಜನೇ ಇದ್ದಾನೆ. ರಜೆಯಲ್ಲಿ ಮಗಳನ್ನು ಕರೆದುಕೊಂಡು ಸುತ್ತೂರಿನ ದಾರಿಯಲ್ಲಿ ನಂಜನಗೂಡಿಗೆ ಹೋದರೆ, ದೇವಸ್ಥಾನ ನೋಡಿ, ಹಳೇ ಸೇತುವೆ ನೋಡಿ, ಕಳಲೆಯ ಲಕ್ಷ್ಮೀಕಾಂತಸ್ವಾಮಿ ಗುಡಿಗೂ ಹೋಗಿಬನ್ನಿ. ಸಂಜೆಯೊಳಗೆ ಮನೆ ಸೇರಬಹುದು.